ಸಪ್ಪಳ ಸೇರದ ದೇವರು

ಜಕ್ಕಲಿಯಿಂದ ಬಂದ ಬೀಗರ ಚಕ್ಕಡಿಗಳು ಸವಡಿಯ ಹನುಮಪ್ಪನ ಗುಡಿಯ ಮುಂದೆ ನಿಂತವು. ತುಂಬಿದ ಕೊಡ ಹಿಡಿದು ಎದುರುಗೊಳ್ಳಲು ಬಂದಿದ್ದ ಫಕೀರವ್ವನ ಕಣ್ಣು ಮದುಮಗನ ಮೇಲಿರಲಿಲ್ಲ. ಕೊನೆಯ ಚಕ್ಕಡಿಯಿಂದ ಇಳಿದ ಯಮನೂರಸಾಬ ಸಿಡಿಮದ್ದು ತುಂಬಿದ ಕಬ್ಬಿಣದ ಕೊಳವೆಗಳನ್ನು ಚೀಲದಿಂದ ತೆಗೆದು ನೆಲಕ್ಕೆ ಊರುತ್ತಿದ್ದ.

ಹಿಂದೆ ಬೇವಿನ ಗಿಡದ ಕೆಳಗೆ, ಹೊಸ ರುಮಾಲು ಸುತ್ತಿಕೊಂಡು ಅವಳ ಮಾವ ಕನಕಪ್ಪ ನಿಂತಿದ್ದ. ಮನೆಯಲ್ಲೇ ಇರಿ ಎಂದು ಅತ್ತೆ ಎಷ್ಟು ಹೇಳಿದರೂ ಕೇಳಿರಲಿಲ್ಲ. “ನನ್ನ ಮಗಳ ಲಗ್ನಾ. ಬೀಗರನ್ನ ನಾನ ಎದುರುಗೊಳ್ಳಾಂವ,” ಎಂದು ಹೊರಟುಬಂದಿದ್ದ.

ಬರ್ಮಾದ ಲಡಾಯಿಯಿಂದ ಆತ ಒಂದು ಗಾಯವೂ ಇಲ್ಲದೆ ಮರಳಿದನೆಂದೇ ಊರು ನಂಬಿತ್ತು. ಕೊಡವೊಂದು ಧಡ್ಡೆಂದು ಬಿದ್ದರೂ ಆತ ಕಿವಿ ಮುಚ್ಚಿಕೊಂಡು ನೆಲಕ್ಕೆ ಬೋರಲು ಬೀಳುವುದು, ಆಮೇಲೆ ಬಹಳ ಹೊತ್ತು ನಡುಗುವುದು ಮನೆಯವರಿಗೆ ಮಾತ್ರ ಗೊತ್ತು. ಸೊಸೆಯಾಗಿ ಬಂದ ಫಕೀರವ್ವ ಅದನ್ನು ಕಂಡವಳು ತವರಿನಲ್ಲೂ ಬಾಯಿ ಬಿಟ್ಟಿರಲಿಲ್ಲ. ಅವಳ ಪುಟ್ಟ ಮಗಳು ಮಾತು ಕಲಿಯುವ ಮೊದಲೇ ಊಟದ ತಾಟನ್ನು ಮೆಲ್ಲಗೆ ಇಡುವುದನ್ನು ಕಲಿತಿದ್ದಳು.

ಫಕೀರವ್ವ ಕೊಡವನ್ನು ಪಕ್ಕದವಳ ಕೈಗಿತ್ತು, ಸೆರಗು ಸರಿಮಾಡಿಕೊಂಡು ಮದುಮಗನ ಅಪ್ಪ ಅಮೋಘಸಿದ್ದನ ಬಳಿಗೆ ನಡೆದಳು.

“ಬೀಗರ, ಮದ್ದ ಹಾರಿಸಬ್ಯಾಡ್ರಿ.”

“ಯಾಕವ್ವಾ? ಹುಡುಗನ ಸೋದರಮಾವ ಆಸೆಪಟ್ಟ ಹೌಸಿಲೆ ತರಿಸ್ಯಾನ.”

“ನಮ್ಮ ಮನಿದೇವರಿಗೆ ಸಪ್ಪಳ ಸೇರೂದಿಲ್ರಿ.”

“ಹಂಗಂದ್ರ ಅದ್ಯಾವ ದೇವರವ್ವಾ?”

ಫಕೀರವ್ವನಿಗೆ ಆ ಸುಳ್ಳಿಗೆ ಒಂದು ಹೆಸರೂ ಹೊಳೆಯಲಿಲ್ಲ. ಅಮೋಘಸಿದ್ದ ಅವಳನ್ನು ದಾಟಿ ಬೇವಿನ ಗಿಡದತ್ತ ನೋಡಿದ. ಕನಕಪ್ಪನ ದೃಷ್ಟಿ ಯಮನೂರಸಾಬನ ಕೈಯಲ್ಲಿದ್ದ ಉರಿಯುವ ಬತ್ತಿಯಲ್ಲಿ ನೆಟ್ಟಿತ್ತು. ಹಣೆಯ ಬೆವರು ಗಲ್ಲಕ್ಕಿಳಿದರೂ ಆತ ಒರೆಸಿಕೊಳ್ಳಲಿಲ್ಲ, ನಿಂತ ಜಾಗದಿಂದ ಕದಲಲೂ ಇಲ್ಲ.

“ಬರ್ಮಾನೋ, ಬಸ್ರಾನೋ?” ಅಮೋಘಸಿದ್ದ ದನಿ ತಗ್ಗಿಸಿ ಕೇಳಿದ.

“ಬರ್ಮಾ ರಿ.” ಅವಳ ಕಣ್ಣು ತುಂಬಿಬಂತು.

“ನಮ್ಮಪ್ಪಂದು ಬಸ್ರಾದ ಲಡಾಯಿ. ಅಂವಾ ಸಾಯೂತನಕ ನಮ್ಮವ್ವ ಒನಕಿ ಎತ್ತೂಕಿಂತ ಮೊದಲ ಅಂವಗ ಹೇಳಿ ಬರತಿದ್ಲು. ನಾವೂ ಹೊರಗ ಒಂದ ಮಾತ ಆಡಲಿಲ್ಲ.” ಆಮೇಲೆ ಎಲ್ಲರಿಗೂ ಕೇಳುವಂತೆ ಕೂಗಿದ: “ಏ ಸಾಬಾ, ಮದ್ದ ಹಸಿ ಆಗೇತಿ. ಚೀಲದಾಗ ಹಾಕ!”

“ಇಲ್ರೀ, ಬಿಸಲಾಗ ಒಣಗಿಸೇ ತಂದೀನಿ!”

“ಹಸಿ ಆಗೇತಿ ಅಂದ್ನೆಲ್ಲ!”

ಯಮನೂರಸಾಬ ಗೊಣಗುತ್ತ ಬತ್ತಿ ಆರಿಸಿದ. ಅಮೋಘಸಿದ್ದ ನೇರ ಬೇವಿನ ಗಿಡದ ಕೆಳಗೆ ಹೋಗಿ ಕನಕಪ್ಪನನ್ನು ತಬ್ಬಿಕೊಂಡ. ಬೀಗರು ಅಪ್ಪಿಕೊಳ್ಳುವುದು ಪದ್ಧತಿಯೇ. ಆದರೆ ಆತ ಆ ನಡುಗುವ ಮೈ ನಿಲ್ಲುವತನಕ ಬಿಡಲಿಲ್ಲ. ಏನೋ ಕಿವಿಯಲ್ಲಿ ಹೇಳಿದ. ಕನಕಪ್ಪ ಮೊದಲು ಬೆರಗಾದ, ಆಮೇಲೆ ನಕ್ಕುಬಿಟ್ಟ. ಮಾವ ಹಾಗೆ ನಕ್ಕಿದ್ದನ್ನು ಫಕೀರವ್ವ ನೋಡಿಯೇ ಇರಲಿಲ್ಲ.

ಫಕೀರವ್ವ ಮೊದಲೇ ಹೇಳಿಟ್ಟಂತೆ ಸನಾದಿಯವರು ಮೆಲ್ಲಗೆ ಊದುತ್ತ ಮುಂದೆ ನಡೆದರು. ಬೀಗನ ಕೈ ಹಿಡಿದು ಹೊರಟ ಕನಕಪ್ಪ ಓಣಿಯ ತಿರುವಿನಲ್ಲಿ ನಿಂತು ಹೊರಳಿ ನೋಡಿದ.

“ಯವ್ವಾ ಫಕೀರವ್ವಾ, ಅವರಿಗೆ ಹೇಳು, ಇನ್ನಷ್ಟು ಜೋರ ಊದಲಿ. ನನ್ನ ಮಗಳ ಲಗ್ನಾ ಊರಿಗೆಲ್ಲಾ ಕೇಳಬೇಕು.”