ಮಾಳಿಗೆಗೆ ಬಿದ್ದ ಬೂದಿ

ಬೆಳಗಾದರೆ ಮಾಳಿಗೆಯ ಮೇಲಿನ ಬೂದಿ ಗುಡಿಸುವುದು ಆ ಊರಿನ ಹೆಂಗಸರಿಗೆ ಅಂಗಳ ಗುಡಿಸಿದಷ್ಟೇ ರೂಢಿಯಾಗಿತ್ತು. ದೂರದ ಊರುಗಳು ಒಂದೊಂದಾಗಿ ಹೊತ್ತಿ ಉರಿಯುತ್ತಿದ್ದವು. ಉರಿದ ಊರಿನಿಂದ ಬರುವುದು ಬೂದಿಯೊಂದೇ. ಅದನ್ನು ಬುಡಕ್ಕೆ ಹಾಕಿದರಷ್ಟೇ ಈಗ ಗಿಡಗಳು ಕಾಯಿ ಬಿಡುತ್ತಿದ್ದವು. ಹಾಕುವ ಮೊದಲು ಚಿಟಿಕೆ ಬೂದಿ ಮೂಸಿ ಯಾವ ಸೀಮೆಯದೆಂದು ಹೇಳುವುದೂ ರೂಢಿಯೇ.

"ಮೊನ್ನಿ ಹತ್ತಿ ಸೀಮಿ ಬೂದಿಗೆ ನನ್ನ ಬದನಿ ಹೆಂಗ ಕಾಯಿ ಹಿಡದಾವ ನೋಡ," ಎಂದಳು ಪಕ್ಕದ ಮಾಳಿಗೆಯ ಸಾವಂತ್ರಿ. "ಇವತ್ತಿಂದು ಯಾವ ಸೀಮಿದು, ನೀಲವ್ವಕ್ಕ?"

ನೀಲವ್ವ ಮೂಸಿದಳು. ಸುಟ್ಟ ಬೆಲ್ಲದ ವಾಸನೆ. ಸುತ್ತಲಿನ ಸೀಮೆಯಲ್ಲಿ ಆಲೆಮನೆಗಳಿದ್ದ ಊರು ಒಂದೇ. ಮಗಳು ಕಸ್ತೂರಿಯನ್ನು ಅವಳು ಕೊಟ್ಟಿದ್ದು ಅದೇ ಊರಿಗೆ. ಮದುವೆಯಾದಂದಿನಿಂದ ಕಸ್ತೂರಿ ತವರಿಗೆ ಬಂದಿರಲಿಲ್ಲ.

"ಗೊತ್ತಾಗವಲ್ದು," ಎಂದಳು.

"ಹೋಗ್ಲಿ ಬಿಡ. ಲಗೂನ ಬಳಿ, ಗಾಳಿ ಎದ್ದೈತಿ."

ತವರಿಗೆ ಬಂದ ಮಗಳಿಗೆ ಉಡಿ ತುಂಬಬೇಕು. ನೀಲವ್ವ ಪೊರಕೆ ಬದಿಗಿಟ್ಟು, ಬೂದಿಯನ್ನೆಲ್ಲ ಬರಿಗೈಯಿಂದ ಬಳಿದು ತನ್ನ ಉಡಿಯಲ್ಲೇ ತುಂಬಿಕೊಂಡಳು. ಹಿತ್ತಲಿಗಿಳಿದು ಬದನೆ ಗಿಡಗಳ ನಡುವೆ ಬಹಳ ಹೊತ್ತು ಕೂತಳು.

ಮನೆಯಲ್ಲಿ ಉಣ್ಣುವ ಬಾಯಿಗಳಿದ್ದವು. ಉಡಿ ಬಿಚ್ಚಿದಳು.