ನೋಣಯ್ಯನ ನಾಡಿ

ಕಂಪೌಂಡರ್ ತಾರಾನಾಥ ಶೆಟ್ಟರು ಕೈಗಡಿಯಾರ ನಿಂತಿದೆಯೇ ಎಂದು ಕಿವಿಗಿಟ್ಟು ನೋಡಿ, ನೋಣಯ್ಯನ ನಾಡಿಯನ್ನು ಮತ್ತೆ ಎಣಿಸಿದರು. ಎಪ್ಪತ್ತು. ಹೋದ ವರ್ಷ ಕಾವೂರಿನ ಇದೇ ಓಟದ ದಿನ ನೂರಹತ್ತು ಇತ್ತು. ಓಡುವುದು ಬೇಡವೆಂದು ಅವರೇ ಅವನಿಗೆ ನಂಬರು ಕೊಡದೆ ವಾಪಸು ಕಳಿಸಿದ್ದರು.

“ಎಂತ ಮದ್ದು ಮಾಡಿದೆ ಮಾರಾಯ?”

“ಮದ್ದು ಎಂತದೂ ಇಲ್ಲ ಶೆಟ್ರೆ. ಬೀಡಿ ಬಿಟ್ಟೆ. ದಿನಾ ಬೆಳಿಗ್ಗೆ ಕೆರೆಗೆ ನಾಲ್ಕು ಸುತ್ತು ಬರ್ತೇನೆ, ಮಳೆಗಾಲದಲ್ಲಿಯೂ. ಈ ಸಲವೂ ನಂಬರು ಸಿಗದಿದ್ರೆ ಹೆಂಡತಿ ಮನೆಯೊಳಗೆ ಬಿಡ್ಲಿಕ್ಕಿಲ್ಲ.”

ಶೆಟ್ಟರು ನಂಬರಿನ ಬಟ್ಟೆಯನ್ನು ತಾವೇ ಅವನ ಬನಿಯನಿಗೆ ಪಿನ್ನು ಮಾಡಿದರು. ಅವನ ಹಿಂದೆ ಅವನೊಂದಿಗೆ ಹಂಚಿನ ಕಾರ್ಖಾನೆಯಲ್ಲಿ ದುಡಿಯುವ ಹದಿನಾಲ್ಕು ಮಂದಿ ಕೈ ಮುಂದೆ ಮಾಡಿ ಸಾಲಾಗಿ ನಿಂತಿದ್ದರು.

“ಇವರೂ ಸುತ್ತು ಬಂದವರೇ,” ಎಂದ ನೋಣಯ್ಯ. “ಒಬ್ಬನೇ ನಡೀಲಿಕ್ಕೆ ಬೇಜಾರಾಗ್ತದಲ್ಲ.”

ಶೆಟ್ಟರು ಮೊದಲನೆಯವನ ಕೈ ಹಿಡಿದರು. ಎಪ್ಪತ್ತೆರಡು. ಎರಡನೆಯವನದು ಅರವತ್ತೆಂಟು. ಮೂರನೆಯವನದನ್ನು ಅವರು ಕುರ್ಚಿಯಿಂದ ಎದ್ದು ನಿಂತು ಎಣಿಸಿದರು.