ಟಾರು ಬಿಟ್ಟು

ದಿನಾ ಆಫೀಸಿಗೆ ಓಡಿಸುವ ಹಳೇ ಜೀಪಿಗೆ ಗಂಡ ಪ್ರತಿ ಆಯುಧಪೂಜೆಗೂ ಏನಾದರೊಂದು ಹಾಕಿಸುತ್ತಿದ್ದ. ಮೊದಲು ಕೆಸರಿನ ಟೈರು ಬಂತು. ಆಮೇಲೆ ಸ್ಪ್ರಿಂಗ್ ಬದಲಿಸಿ ಗಾಡಿಯನ್ನು ಎತ್ತರಿಸಿದ. ಕಳೆದ ಸಲ ಮುಂದುಗಡೆಗೊಂದು ಎಳೆಯುವ ಕೊಕ್ಕೆ.

"ನಿಮ್ಮ ಆಫೀಸಿನ ಗೇಟಲ್ಲಿ ಅಷ್ಟೊಂದು ಕೆಸರಿದೆಯಾ?" ಎಂದು ಅವಳು ಛೇಡಿಸಿದರೆ, "ಒಂದಿನ ಟಾರು ಬಿಟ್ಟು ಇಳಿಸ್ತೀನಿ, ನೋಡ್ತಿರು. ನೀನೂ ಬಾ," ಎನ್ನುತ್ತಿದ್ದ. ಫೋರ್‌ವೀಲಿನ ಚಿಕ್ಕ ಗೇರು ಹಾಕುವುದನ್ನು ಮನೆ ಮುಂದೆಯೇ ಅವಳಿಗೂ ಕಲಿಸಿದ್ದ. ಆ ಒಂದಿನ ಮಾತ್ರ ಬಂದಿರಲಿಲ್ಲ.

ಇವತ್ತು ಟಾರು ಮುಗಿದಲ್ಲಿ ಬಾಡಿಗೆ ವ್ಯಾನು ನಿಂತಿತು. ಹಿಂದೆ ಬರುತ್ತಿದ್ದ ಜೀಪೂ ನಿಂತಿತು. ಅವಳು ಕನ್ನಡಿಗೆ ಕಟ್ಟಿದ್ದ ಒಣಗಿದ ಹೂವನ್ನೇ ನೋಡುತ್ತ ಕೂತಿದ್ದಳು.

"ಮುಂದಕ್ಕೆ ಆಗಲ್ಲ, ಚಕ್ರ ಹೂತ್ಕೊಳ್ಳುತ್ತೆ," ಎಂದ ವ್ಯಾನಿನವನು.

"ಜೀಪು ಹೋಗುತ್ತೆ ಬಿಡು," ಎಂದರು ದೊಡ್ಡ ಮಾವ.

ಸ್ಟೇರಿಂಗ್ ಹಿಡಿದಿದ್ದ ಮೈದುನ ಚಿಕ್ಕ ಗೇರಿನ ಜೊತೆ ಗುದ್ದಾಡಿ ಸೋತ. "ಅತ್ತಿಗೆ, ಇದು ಬೀಳ್ತಾನೇ ಇಲ್ಲ."

"ಇಳಿ. ನಾನು ಓಡಿಸ್ತೀನಿ."

ದೊಡ್ಡ ಮಾವ ಕಿಟಕಿಯ ಹತ್ತಿರ ಬಂದರು. "ಹೆಂಗಸರು ಇಲ್ಲೀವರೆಗೆ ಬಂದಿದ್ದೇ ಹೆಚ್ಚು ಕಣಮ್ಮ. ಮುಂದಕ್ಕೆ ಬರೋ ಪದ್ಧತಿ ನಮ್ಮಲ್ಲಿಲ್ಲ."

"ಅವರೇ ಬಾ ಅಂದಿದ್ರು, ಮಾವ."

ಅವರು ಕಿಟಕಿ ಬಿಟ್ಟು ಪಕ್ಕಕ್ಕೆ ಸರಿದರು. ಅವಳು ಚಿಕ್ಕ ಗೇರು ಹಾಕಿ ಕಾದಳು. ಹಿಂದಿನ ಸೀಟು ಮಡಚಿ, ನಾಲ್ವರು ಸೇರಿ ಅವನ ಚಟ್ಟವನ್ನು ವ್ಯಾನಿನಿಂದ ಜೀಪಿನೊಳಕ್ಕೆ ಸರಿಸಿದರು.